ನೀಲಮ್ಮ ಅಕ್ಕೋರು ಮತ್ತು ಎಂಟು ಎಳೆಯ ಚೌಕ

ನೀಲಮ್ಮ ಅಕ್ಕೋರು ಯಾವ ವಸ್ತುವನ್ನೂ ಮೊದಲು ಮುಂದಿನಿಂದ ನೋಡಿದವರಲ್ಲ. ಸೀರೆಯಾದರೆ ಸೆರಗು ಮಗುಚಿ ಒಳಮೈ, ಪುಸ್ತಕವಾದರೆ ಹಿಂದಿನ ರಟ್ಟು, ಗೋಡೆಗೆ ತೂಗುಹಾಕಿದ ಫೋಟೋ ಆದರೂ ಸರಿ, ಒಮ್ಮೆ ಅದರ ಬೆನ್ನು ನೋಡಿಯೇ ಮುಂದಿನ ಮಾತು. ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ ಒಂದು ಸಲ ಮುಂದಿನ ಸೀಟಿನಲ್ಲಿ ಕುಳಿತ ಗುರುತು ಪರಿಚಯವಿಲ್ಲದ ಹೆಂಗಸಿನ ಸೆರಗನ್ನು ಮೆಲ್ಲಗೆ ಎತ್ತಿ ತಿರುವಿ ನೋಡಿದರು. ಆಕೆ ಹೊರಳಿ ಕಣ್ಣು ಕೆಂಪಗೆ ಮಾಡಿದಾಗ ಇವರು ತಣ್ಣಗೆ, "ಕಸೂತಿ ಚಲೋ ಐತ್ರಿ. ಆದ್ರ ಮೂರು ಕಡೆ ಗಂಟು ಹಾಕ್ಯಾರ, ನಿಮಗ ಹೇಳಿಲ್ಲೇನು?" ಎಂದರು. ಪಕ್ಕದಲ್ಲಿದ್ದ ನಾನು ಕಿಟಕಿಯಾಚೆಯ ತೊಗರಿ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಇಂಡಿ ಬರುವಷ್ಟರಲ್ಲಿ ಆ ಹೆಂಗಸು ಇವರ ಮನೆಯ ವಿಳಾಸ ಕೇಳಿ ಬರೆದುಕೊಂಡಿದ್ದಳು.

ಸಿಂದಗಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಹೊಲಿಗೆ ಕಲಿಸುತ್ತಿದ್ದರು, ನಾನು ವಿಜ್ಞಾನ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು ರೂಢಿ. ಹಾಗಾಗಿ ಅವರು ಹೊಲಿಗಿ ಅಕ್ಕೋರು, ನಾನು ಸಾಯನ್ಸ್ ಅಕ್ಕೋರು. ಅವರಿಗೆ ನಲವತ್ತೈದರ ಆಸುಪಾಸು. ಗಿಡ್ಡ ಮೈಕಟ್ಟು, ಹಣೆಯ ತುಂಬ ವಿಭೂತಿ, ಕುಪ್ಪಸದ ತೋಳಿಗೆ ಯಾವಾಗಲೂ ದಾರ ಪೋಣಿಸಿ ಚುಚ್ಚಿಟ್ಟ ಎರಡು ಸೂಜಿ. ಗಂಡ ಸಂಗಪ್ಪನವರದು ಪೇಟೆಯಲ್ಲಿ ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಮಕ್ಕಳಿರಲಿಲ್ಲ. ಆ ಬಗ್ಗೆ ಅವರು ದುಃಖಿಸಿದ್ದನ್ನು ನಾನು ಕಂಡಿಲ್ಲ, ಆದರೆ ತರಗತಿಯ ಹುಡುಗಿಯರನ್ನು ಬೈಯುವಾಗ ಅವರ ದನಿಯಲ್ಲಿ ತಾಯಿಯ ಅಧಿಕಾರವೇ ಇರುತ್ತಿತ್ತು.

ಅವರು ತವರು ಮಸೂತಿಯಿಂದ ತಂದದ್ದು ಒಂದೇ ಆಸ್ತಿ, ತಾಯಿ ಕಲಿಸಿದ ಕಸೂತಿ. ಗೋಪುರ, ತೇರು, ನವಿಲು, ತುಳಸಿಕಟ್ಟೆ, ಆನೆ ಅಂಬಾರಿ, ಬಾಸಿಂಗ ಹೀಗೆ ನಲವತ್ತರ ಮೇಲೆ ಚಿತ್ತಾರಗಳು. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯುವಂತಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ, ಹೋದ ದಾರ ಅದೇ ದಾರಿಯಲ್ಲಿ ಮರಳಿ ಬರಬೇಕು. "ಹಿಂದಿನ ಬಾಜು ನೋಡ್ರಿ ಅಕ್ಕೋರ. ಮುಂದ ಎಲ್ಲಾರೂ ಚಂದನ ಇರತಾರ" ಎಂದು ಅವರು ಹೇಳುತ್ತಿದ್ದುದು ಬಟ್ಟೆಯ ಬಗ್ಗೆಯೋ ಮನುಷ್ಯರ ಬಗ್ಗೆಯೋ ತಿಳಿಯದೆ ನಮ್ಮ ಹೆಡ್‌ಮಾಸ್ತರರು ಅವರೆದುರು ಸ್ವಲ್ಪ ಬಿಗಿಯಾಗಿಯೇ ಇರುತ್ತಿದ್ದರು.

ನನ್ನ ಪಾಲಿಗೆ ಬಂದ ಆಸ್ತಿಯ ಕಥೆ ಬೇರೆ. ತೊಂಬತ್ತರ ದಶಕದ ಮೊದಲಿಗೆ ನಾನು ಕೆಲಸಕ್ಕೆ ಸೇರಿದಾಗ ಹೆಡ್‌ಮಾಸ್ತರರು ನನ್ನ ಕೈಗೆ ಒಂದು ಬೀಗದ ಕೈ ಕೊಟ್ಟರು. ಅವರ ಕೋಣೆಯ ಕಪಾಟಿನಲ್ಲಿ ಮಖಮಲ್ಲಿನ ಬಟ್ಟೆ ಹೊದ್ದುಕೊಂಡು ಒಂದು ಕಂಪ್ಯೂಟರ್ ಕುಳಿತಿತ್ತು. ಹಿಂದೆ ಯಾವುದೋ ಯೋಜನೆಯಲ್ಲಿ ಬಂದದ್ದು. ಕೀಲಿಮಣೆಯ ಪೆಟ್ಟಿಗೆಯೇ ಇಡೀ ಯಂತ್ರ. ಟಿವಿಗೆ ಜೋಡಿಸಿದರೆ ಅಕ್ಷರ ಮೂಡುತ್ತಿದ್ದವು, ಟೇಪ್ ರೆಕಾರ್ಡರಿಗೆ ಜೋಡಿಸಿದರೆ ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಓದಿಕೊಳ್ಳುತ್ತಿತ್ತು. ಅದನ್ನು ನಡೆಸಲು ಕಲಿತಿದ್ದ ಮಾಸ್ತರರು ವರ್ಗವಾಗಿ ಹೋದ ಮೇಲೆ ಅದು ಹೊರಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ದಸರೆಯಲ್ಲಿ ಆಯುಧ ಪೂಜಿಸುವ ಖಂಡೇಪೂಜೆಯ ದಿನ. ನಾನು ನೋಡಿದಾಗ ಕೀಲಿಗಳ ಸಂದಿಯಲ್ಲಿ ಮೂರು ನಾಲ್ಕು ವರ್ಷದ ಕುಂಕುಮ ಗಟ್ಟಿಯಾಗಿತ್ತು.

ಕಾಲೇಜಿನಲ್ಲಿ ನಾನು ಸ್ವಲ್ಪ ಪ್ರೋಗ್ರಾಮು ಬರೆಯಲು ಕಲಿತಿದ್ದೆ. ಹುರುಪಿನಿಂದ ಕುಂಕುಮ ಕೆರೆದು ಚಾಲೂ ಮಾಡಿದೆ. ಜೊತೆಗಿದ್ದ ಕ್ಯಾಸೆಟ್ಟುಗಳು ಮೂರು. ಒಂದು ದೇಶಗಳ ರಾಜಧಾನಿ ಕೇಳುತ್ತಿತ್ತು, ಒಂದು ಮಗ್ಗಿ ಕೇಳುತ್ತಿತ್ತು, ಮೂರನೆಯದರ ಮೇಲೆ ಯಾರೋ ಭಜನೆ ರೆಕಾರ್ಡ್ ಮಾಡಿಟ್ಟಿದ್ದರು. ಎರಡು ವಾರದಲ್ಲಿ ಹುಡುಗಿಯರಿಗೆ ರಾಜಧಾನಿಗಳೆಲ್ಲ ಬಾಯಿಪಾಠವಾಗಿ, ಯಂತ್ರ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳತೊಡಗಿದರು. ಆಮೇಲೆ ಮಾಡಿಸಲು ಕೆಲಸವೇ ಇಲ್ಲ. ವಿಜಾಪುರದ ಅಂಗಡಿಯೊಂದಕ್ಕೆ ಹೋಗಿ ಇದಕ್ಕೆ ಹೊಸ ಕ್ಯಾಸೆಟ್ಟು ಸಿಗುತ್ತವೆಯೇ ಎಂದು ಕೇಳಿದೆ. ಅವನು ಬಡಪಾಯಿಯನ್ನು ನೋಡುವಂತೆ ನನ್ನನ್ನು ನೋಡಿ, ಇದರ ಕಾಲ ಮುಗಿಯಿತು, ಈಗಿನವೆಲ್ಲ ಬೇರೆ ಎಂದ. ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಪ್ರೋಗ್ರಾಮನ್ನು ಎರಡು ದಿನ ಕುಳಿತು ಟೈಪು ಮಾಡಿದೆ. ಮೂರನೆಯ ದಿನ ಒಂದು ಕಾಮಾ ಬಿಟ್ಟಿದ್ದು ಗೊತ್ತಾಯಿತು. ಕೊನೆಗೆ ಟಿವಿಯಲ್ಲಿ ಒಂದು ಚೆಂಡು ಗೋಡೆಯಿಂದ ಗೋಡೆಗೆ ಪುಟಿಯತೊಡಗಿತು. ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿ, "ಮುಂದ?" ಎಂದರು. ಮುಂದೆ ಏನೂ ಇರಲಿಲ್ಲ. ಚೆಂಡು ಕರೆಂಟು ಹೋಗುವವರೆಗೆ ಪುಟಿಯಿತು.

ಹೀಗೆ ಡಿಗ್ರಿ ಮಾಡಿ ಕೆಲಸವಿಲ್ಲದೆ ಕುಳಿತ ಮಗನಿಗೆ ಕೆಲಸ ಹುಡುಕುವಂತೆ ನಾನು ಆ ಯಂತ್ರಕ್ಕೆ ಕೆಲಸ ಹುಡುಕುತ್ತ ಶಾಲೆಯಲ್ಲೆಲ್ಲ ತಿರುಗುತ್ತಿದ್ದೆ. ಒಂದು ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನೀಲಮ್ಮ ಅಕ್ಕೋರು ಕೋಣೆಗೆ ಬಂದರು. ಬಂದವರೇ ಟಿವಿಯ ಹಿಂದೆ ಹೋಗಿ ನಿಂತರು. ಆಮೇಲೆ ಕಂಪ್ಯೂಟರನ್ನು ಎತ್ತಿ ಅದರ ಬೆನ್ನು ನೋಡಿದರು. ತಂತಿಗಳನ್ನೆಲ್ಲ ಬೆರಳಿನಿಂದ ಎಣಿಸಿ, ಹಿಂದಿನ ಬಾಜು ಹೊಲಸು ಇದೆ ಎಂದು ತೀರ್ಪು ಕೊಟ್ಟರು. ಕೊನೆಗೆ ಮುಂದೆ ಬಂದು ಪರದೆಗೆ ಮೂಗು ತಾಗುವಷ್ಟು ಬಾಗಿ 'ಎ' ಅಕ್ಷರವನ್ನು ನೋಡಿದರು. ಅವರ ತುಟಿ ಅಲುಗುತ್ತಿದ್ದವು.

"ಎಂಟು ಎಳಿ ಅಡ್ಡ, ಎಂಟು ಎಳಿ ಉದ್ದ. ಇದು ಕಸೂತಿನ ಅಲ್ಲೇನ್ರಿ?" ಎಂದರು.

ನಿಜ. ಆ ಯಂತ್ರದ ಪ್ರತಿ ಅಕ್ಷರವೂ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕ. ಬೇಕೆಂದರೆ ಅಕ್ಷರದ ಬದಲು ನಮ್ಮದೇ ಗುರುತನ್ನು ಅದರಲ್ಲಿ ಕೂರಿಸಬಹುದಿತ್ತು. ಸಾಲಿಗೊಂದರಂತೆ ಎಂಟು ಸಂಖ್ಯೆ ಕೊಟ್ಟರೆ ಸಾಕು. ಓರೆ ಗೆರೆ ಎಳೆದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ ಎಂದು ನಾನು ಆ ಯಂತ್ರವನ್ನು ಬೈಯುತ್ತಿದ್ದೆ. ಅವರು ಅದನ್ನೇ ಬೆರಗಿನಿಂದ ನೋಡಿ, ಕಸೂತಿಯ ಮುರಗಿ ಹೊಲಿಗೆ ಹೋಗುವುದೇ ಹೀಗೆ, ಮೆಟ್ಟಿಲ ಮೇಲೆ ಮೆಟ್ಟಿಲು ಎಂದರು. ಸಂಖ್ಯೆ ಹೇಗೆ ಕೂಡಿಸಬೇಕೆಂದು ಹೇಳಿಕೊಡಲು ನಾನು ಬೋರ್ಡು, ಸೀಮೆಸುಣ್ಣ ಎಲ್ಲ ಸಿದ್ಧ ಮಾಡಿಕೊಂಡೆ. ಬಲಗಡೆಯ ಚುಕ್ಕೆಗೆ ಒಂದು, ಅದರ ಎಡಕ್ಕೆ ಎರಡು, ಆಮೇಲೆ ನಾಲ್ಕು, ಎಂಟು, ಹದಿನಾರು. ಅಷ್ಟರಲ್ಲೇ ಅವರು ಕೈ ಎತ್ತಿ ತಡೆದರು. ಚಟಾಕು, ನವಟಾಕು, ಪಾವು, ಅಚ್ಚೇರು, ಸೇರು. ಹಳೆಯ ತೂಕವೆಲ್ಲ ಇಮ್ಮಡಿ ಇಮ್ಮಡಿಯಾಗಿಯೇ ಏರುತ್ತಿದ್ದವು, ಗಿರಣಿಯ ಮನೆಯವಳಿಗೆ ಇದನ್ನು ಕಲಿಸಬೇಕೇ ಎಂಬುದು ಅವರ ಭಾವ. ಗೋಪುರದ ತುದಿಯನ್ನು ಮನಸ್ಸಿನಲ್ಲೇ ಎಣಿಸಿ ಹೇಳಿದರು: "ಇಪ್ಪತ್ನಾಕು, ಅರವತ್ತು, ನೂರಾ ಇಪ್ಪತ್ತಾರು, ಇನ್ನೂರಾ ಐವತ್ತೈದು." ನಾನು ಟೈಪು ಮಾಡಿದೆ. ಪರದೆಯ ಮೇಲೆ ಗೋಪುರದ ತುದಿ ನಿಂತಿತು. ಆ ಯಂತ್ರಕ್ಕೆ ಕೆಲಸ ಸಿಕ್ಕಿತ್ತು.

ಆ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ನಮ್ಮಿಬ್ಬರದು ಅದೇ ಕೆಲಸ. ಅವರು ಸಂಖ್ಯೆ ಹೇಳುವುದು, ನಾನು ಕುಟ್ಟುವುದು. ಯಾವಾಗ ಕರೆಂಟು ಹೋಗುತ್ತದೋ ಗೊತ್ತಿಲ್ಲ, ಹೋದರೆ ಹಾಕಿದ್ದೆಲ್ಲ ಹೋಗುತ್ತದೆ. ಆದ್ದರಿಂದ ಎರಡು ಚೌಕ ಮುಗಿದ ಕೂಡಲೇ ಕ್ಯಾಸೆಟ್ಟಿಗೆ ಇಳಿಸುತ್ತಿದ್ದೆವು. ಇಳಿಸುವಾಗ ಕರ್ರ್ ಎಂದು ಕಿವಿ ಕೊರೆಯುವ ಸದ್ದು. ನಾನು ಕಿವಿ ಮುಚ್ಚಿಕೊಂಡರೆ ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಗಿರಣಿಯ ಪಟ್ಟಾ ಜಾರಿದರೆ ಅಡುಗೆಮನೆಯಲ್ಲಿದ್ದೇ ಹೇಳುವ ಹೆಂಗಸು, ಸದ್ದು ಸರಿಯಾಗಿ ಬಂತೋ ಇಲ್ಲವೋ ಎಂದು ನನಗಿಂತ ಮೊದಲೇ ಹೇಳುತ್ತಿದ್ದರು. ನಲವತ್ತು ಹುಡುಗಿಯರು ಒಂದು ಗೇಣು ಬಟ್ಟೆಯ ಮೇಲೆ ಬಗ್ಗಿ ತಲೆಗೆ ತಲೆ ಬಡಿದುಕೊಳ್ಳುವುದೂ ತಪ್ಪಿತು. ಟಿವಿಯಲ್ಲಿ ಚಿತ್ತಾರ ಹಚ್ಚಿಟ್ಟರೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕುಳಿತು ಎಣಿಸಿ ಹಾಕುತ್ತಿದ್ದರು. ಒಬ್ಬೊಬ್ಬ ಹುಡುಗಿಗೆ ಒಂದೋ ಎರಡೋ ಚಿತ್ತಾರದ ಮಾದರಿ ತುಂಡು ಪೂರ್ತಿ ಮಾಡುವ ಕೆಲಸ.

ನಮ್ಮಿಬ್ಬರ ನಡುವೆ ಒಂದೇ ಒಂದು ಜಗಳವಾಯಿತು. ಚಿತ್ತಾರಗಳಲ್ಲಿ ಎಡ ಬಲ ಒಂದೇ ತರಹ ಇರುತ್ತವಲ್ಲ, ಎಡಗಡೆಯ ಅರ್ಧ ಕೊಟ್ಟರೆ ಬಲಗಡೆಯದನ್ನು ಕನ್ನಡಿಯಂತೆ ತಾನೇ ಮಾಡಿಕೊಳ್ಳುವ ಪ್ರೋಗ್ರಾಮೊಂದನ್ನು ನಾನು ಬರೆದೆ. ಬಹಳ ಬೀಗಿದ್ದೆ. ಎರಡು ನವಿಲು ಎದುರುಬದುರು ನಿಂತದ್ದನ್ನು ನೋಡಿ ಅವರು ಮುಖ ಸಿಂಡರಿಸಿದರು. "ಎರಡೂ ತೀರಾ ಒಂದ ಆದ್ವಲ್ಲ. ದೃಷ್ಟಿ ಆಗತೈತ್ರಿ. ಬಲಗಡೆದ್ರಾಗ ಒಂದು ಎಳಿ ತಗೀರಿ." ಅವರ ತಾಯಿಯ ಪದ್ಧತಿ ಅದು. ಮಗುವಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಟ್ಟ ಹಾಗೆ, ಎಷ್ಟೇ ಚಂದದ ಚಿತ್ತಾರವಾದರೂ ಬಲಗಡೆ ಬೇಕೆಂದೇ ಒಂದು ಎಳೆ ಬಿಡುವುದು. ಪ್ರತಿ ಚಿತ್ತಾರಕ್ಕೂ ಬಿಡುವ ಜಾಗ ಗೊತ್ತಾದದ್ದು, ಬದಲಾಯಿಸುವಂತಿಲ್ಲ. ಸರಿಯಾಗಿ ಬಂದದ್ದನ್ನು ಕೆಡಿಸುವುದೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ವಾರ ಮಾತು ಬಿಟ್ಟೆವು. ಸೋತದ್ದು ನಾನೇ.

ಈ ಕೆಲಸದಲ್ಲಿ ಅವರಿಗಿದ್ದ ಅವಸರ ಯಾಕೆಂದು ನನಗೆ ತಿಳಿದದ್ದು ತಡವಾಗಿ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಬೀದಿಯ ಮೇಲೆ ಗುರುತಿನವರನ್ನು ಕಂಡೂ ಕಾಣದಂತೆ ಹೋಗುತ್ತಾರೆಂದು ಜನ ಆಡಿಕೊಳ್ಳತೊಡಗಿದ್ದರು. ಮಿರಜಿನ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದ ಮರುದಿನ ಸ್ಟಾಫ್ ರೂಮಿನಲ್ಲಿ ನನಗೊಬ್ಬಳಿಗೇ ಹೇಳಿದರು: "ನನ್ನಂಥಾ ಡಾಕ್ಟರ ಸಿಕ್ಕಿದ್ದ ತಂಗಿ. ಮುಂದ ನೋಡಲಿಲ್ಲ, ಕಣ್ಣಿನ ಹಿಂದಿನ ಪರದಿ ನೋಡಿದ. ಹಿಂದ ಎಲ್ಲಾ ಬಿಚ್ಚೇತಂತ." ಅಲ್ಲಿಯವರೆಗೆ ನನ್ನನ್ನು ಅಕ್ಕೋರು ಎನ್ನುತ್ತಿದ್ದವರು ಅಂದು ತಂಗಿ ಎಂದರು. ಬಟ್ಟೆಯ ಎಳೆ ಆಗಲೇ ಅವರಿಗೆ ಕಾಣುತ್ತಿರಲಿಲ್ಲ. ಟಿವಿಯ ಮೇಲಿನ ದೊಡ್ಡ ಚುಕ್ಕೆಗಳು ಇನ್ನೂ ಕಾಣುತ್ತಿದ್ದವು. ಪೂರ್ತಿ ಕತ್ತಲಾಗುವ ಮೊದಲು ತಾಯಿಯ ಚಿತ್ತಾರಗಳನ್ನೆಲ್ಲ ಯಂತ್ರದೊಳಗೆ ಇಟ್ಟುಬಿಡಬೇಕು ಎನ್ನುವುದೊಂದೇ ಅವರ ಆಸೆ. ಬೇರೆಲ್ಲೂ ಅವು ಬರೆದಿಟ್ಟಿರಲಿಲ್ಲ.

ಬಿದ್ದ ಸೂಜಿ ಕಾಣದೆ ಅವರು ನೆಲವನ್ನೆಲ್ಲ ತಡಕಾಡುವುದನ್ನು ಒಂದು ದಿನ ನೋಡಿದೆ. ಪ್ರಯೋಗಾಲಯದಲ್ಲಿ ಕೆಟ್ಟುಬಿದ್ದಿದ್ದ ಧ್ವನಿವರ್ಧಕದಿಂದ ಕೋಡುಬಳೆಯಂಥ ಅಯಸ್ಕಾಂತವೊಂದನ್ನು ಕಿತ್ತು ಅವರಿಗೆ ಕೊಟ್ಟೆ. ಅದನ್ನವರು ತಮ್ಮ ಸೂಜಿ ದಾರದ ಬಿಸ್ಕೀಟ್ ಡಬ್ಬಿಯ ತಳದಲ್ಲಿ ಇಟ್ಟುಕೊಂಡರು. ಸೂಜಿಗಳೆಲ್ಲ ಅದಕ್ಕೆ ಮುತ್ತಿಕೊಂಡು ನಿಲ್ಲುತ್ತಿದ್ದವು. ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಬೇಸಿಗೆ ರಜೆ ಬರುವಷ್ಟರಲ್ಲಿ ಉಳಿದದ್ದು ಒಂದೇ ಚಿತ್ತಾರ. ಜೋಳದ ತೆನೆಯ ಎರಡೂ ಬದಿಗೆ ಎದುರುಬದುರು ಕುಳಿತ ಎರಡು ಗುಬ್ಬಿ. ಹೊಲ ಕಾಯುವಾಗ ಕಂಡದ್ದನ್ನು ನೋಡಿ ಅವರ ತಾಯಿ ತಾನೇ ಕಟ್ಟಿದ್ದು, ಬೇರೆ ಯಾರ ಮನೆಯಲ್ಲೂ ಇಲ್ಲದ್ದು. ಅದನ್ನು ಹಾಕಿದ್ದ ಸೀರೆ ತಾಯಿಯ ಜೊತೆಗೇ ಮಣ್ಣಾಗಿತ್ತು. ಮಕ್ಕಳು ಬೆಲ್ಲದ ತುಣುಕನ್ನು ಕೊನೆಗೆ ಉಳಿಸಿಕೊಳ್ಳುವಂತೆ ಅವರು ಗುಬ್ಬಿಯನ್ನು ಕೊನೆಗೆ ಉಳಿಸಿಕೊಂಡಿದ್ದರು. ಹುಡುಗಿಯರು ಆಗಲೇ ಪರೀಕ್ಷೆ ಮುಗಿಸಿ ಹೋಗಿಯಾಗಿತ್ತು. ಖಾಲಿ ಶಾಲೆಯಲ್ಲಿ ನಾವಿಬ್ಬರೇ ಕುಳಿತು, ಅವರು ಪರದೆಯ ಚುಕ್ಕೆ ನೋಡಿ ನೋಡಿ ತಿದ್ದಿಸುತ್ತ, ಗುಬ್ಬಿ ಹಾಕಿದೆವು. ಟೇಪು ಕರ್ರ್ ಎಂದು ನಿಂತಾಗ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮೂಲ ಒಂದು, ನಕಲು ಒಂದು, ಎರಡು ಕ್ಯಾಸೆಟ್ಟು. ಶಾಲೆಯ ಕಪಾಟಿನಲ್ಲಿ ಇಲಿ ಎಂದು ಎರಡನ್ನೂ ಅವರು ಮನೆಗೆ ಒಯ್ದರು. ಧೂಳು ತಾಗಬಾರದು, ಬಿಸಿಲಿಗೆ ಇಡಬಾರದು, ನೀರು ಬೀಳಬಾರದು ಎಂದು ನಾನು ಹೇಳಿ ಕಳಿಸಿದೆ. ಜೂನಿನಲ್ಲಿ ಶಾಲೆ ಸುರುವಾದಾಗ ಅವರು ಬಿಸ್ಕೀಟ್ ಡಬ್ಬಿಯನ್ನೇ ಎದೆಗವಚಿಕೊಂಡು ಬಂದರು. ಅವರಿಗೆ ಗೊತ್ತಿದ್ದ ಅತ್ಯಂತ ಭದ್ರವಾದ ಜಾಗ ಅದು. ಜೋಡಿ ಅಗಲಬಾರದೆಂದು ಎರಡೂ ಕ್ಯಾಸೆಟ್ಟನ್ನು ಒಂದರ ಮೇಲೊಂದು ಇಟ್ಟಿದ್ದರು.

ಟೇಪು ಹಚ್ಚಿದೆ. ಅಲ್ಲಲ್ಲಿ ಒಂದಿಷ್ಟು ಕರ್ರ್, ನಡುವೆ ಬರೀ ಸುಯ್ ಎನ್ನುವ ಗಾಳಿ. ಓದಲಾಗುತ್ತಿಲ್ಲ ಎಂದು ಯಂತ್ರ ತೋರಿಸುವ ಮೊದಲೇ ಅವರು, "ಸಪ್ಪಳನ ಇಲ್ಲಲ್ಲ ತಂಗಿ" ಎಂದರು. ನಕಲಿನದೂ ಅದೇ ಹಾಡು. ನಾನು ಡಬ್ಬಿಯೊಳಗೆ ನೋಡಿದೆ. ತಳದಲ್ಲಿ ಸೂಜಿ ಮುತ್ತಿಕೊಂಡ ನನ್ನ ಅಯಸ್ಕಾಂತ. ಎಂಟನೆಯ ತರಗತಿಗೆ ಪ್ರತಿ ವರ್ಷ ಅಯಸ್ಕಾಂತದ ಪಾಠ ಮಾಡುವವಳು ನಾನು. ಟೇಪಿನ ಮೇಲಿನ ಸದ್ದೆಲ್ಲ ಅಯಸ್ಕಾಂತದ ಗುರುತು, ಹತ್ತಿರ ಇಟ್ಟರೆ ಅಳಿಸಿಹೋಗುತ್ತದೆ ಎಂಬುದು ಗೊತ್ತಿರುವ ಒಬ್ಬಳೇ ಒಬ್ಬಳು ಆ ಶಾಲೆಯಲ್ಲಿ ನಾನು. ಧೂಳು, ಬಿಸಿಲು, ನೀರು ಎಲ್ಲ ಹೇಳಿ ಅದೊಂದನ್ನು ಹೇಳಿರಲಿಲ್ಲ.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಕ್ಯಾಸೆಟ್ಟು ಹಳೆಯವು, ಸವೆದುಹೋಗಿವೆ ಎಂದು ಸುಳ್ಳು ಹೇಳಿದೆ. ಅವರು ನೀರು ಕುಡಿಯಲು ಹೊರಗೆ ಹೋದಾಗ ಅಯಸ್ಕಾಂತವನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಅವರು ಬಂದು ಎರಡೂ ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟರು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. "ಎಳಿ ತಪ್ಪಿದ್ರ ಬಿಚ್ಚಿ ಮತ್ತ ಹಾಕಬೇಕು, ಬ್ಯಾರೆ ಏನೈತಿ. ಹುಡುಗ್ಯಾರ ಕಡೆ ತುಂಡು ಅದಾವಲ್ಲ" ಎಂದು ಎದ್ದರು.

ಅಲ್ಲಿಂದ ಎರಡು ವರ್ಷ ನಮ್ಮದು ಬಸ್ಸಿನ ಬದುಕು. ಮಾದರಿ ತುಂಡುಗಳೆಲ್ಲ ಶಾಲೆ ಮುಗಿಸಿ ಹೋದ ಹುಡುಗಿಯರ ಜೊತೆ, ಕೆಲವು ಅವರವರ ಊರು, ಉಳಿದವು ಗಂಡನ ಮನೆ ಸೇರಿದ್ದವು. ರಜೆ ಸಿಕ್ಕರೆ ಸಾಕು, ನನ್ನ ತೋಳು ಹಿಡಿದು ಹೊರಟುಬಿಡುತ್ತಿದ್ದರು. ಸಾಲೋಟಗಿಯಲ್ಲಿ ತೇರಿನ ಚಿತ್ತಾರ ನೀರಿನ ಕೊಡದ ಮೇಲೆ ಮುಚ್ಚಳದ ಬಟ್ಟೆಯಾಗಿತ್ತು. ಮುಳವಾಡದಲ್ಲಿ ಆನೆ ಅಂಬಾರಿಗೆ ಚೌಕಟ್ಟು ಹಾಕಿಸಿ ದೇವರ ಜಗಲಿಯ ಪಕ್ಕ ತೂಗುಹಾಕಿದ್ದರು. ಅದರ ಹಿಂಬದಿ ತಡವಿ ನೋಡಬೇಕೆಂದು ಇವರು ಹಟ ಹಿಡಿದು ಮೊಳೆ ಕೀಳಿಸಿದರು. ಮುದ್ದೇಬಿಹಾಳದಲ್ಲಿ ರೇಣುಕಾ ಎಂಬ ಹುಡುಗಿ ನವಿಲಿನ ತುಂಡನ್ನು ತನ್ನ ಕೂಸಿನ ಕುಂಚಿಗೆಗೆ ಹೊಲಿದುಬಿಟ್ಟಿದ್ದಳು. ಕೂಸು ಅದನ್ನು ತಲೆಗೆ ಹಾಕಿಕೊಂಡು ನಿದ್ದೆ ಮಾಡುತ್ತಿತ್ತು. ಎಬ್ಬಿಸುವಂತಿಲ್ಲ. ನಾನು ತೊಟ್ಟಿಲ ಪಕ್ಕ ಮೊಣಕಾಲೂರಿ ಕೂಸಿನ ತಲೆಯ ಮೇಲಿನ ಎಳೆ ಎಣಿಸಿ ಪಿಸುಗುಟ್ಟುವುದು, ಅವರು ಕೂಡಿಸಿ ಸಂಖ್ಯೆ ಹೇಳುವುದು, ರೇಣುಕಾ ಬರೆದುಕೊಳ್ಳುವುದು. ಕೊನೆಗೆ ಕುಂಚಿಗೆಯ ಒಳಗೆ ಬೆರಳು ತೂರಿಸಿ ತಡವಿ, "ಗಂಟು ಹಾಕೀದಿ ಏನ ರೇಣಿ? ಕೂಸಿನ ನೆತ್ತಿಗಿ ಚುಚ್ಚೂದಿಲ್ಲೇನು?" ಎಂದು ಮೆಲುದನಿಯಲ್ಲೇ ಬೈದರು. ರೇಣುಕಾ ನಗುತ್ತ ಕಣ್ಣೀರು ಹಾಕಿದಳು.

ಒಂದೊಂದಾಗಿ ಎಲ್ಲ ಚಿತ್ತಾರಗಳೂ ಮರಳಿದವು, ಬಿಟ್ಟ ಎಳೆಯ ಸಮೇತ. ಗುಬ್ಬಿ ಮಾತ್ರ ಬರಲಿಲ್ಲ. ಅದನ್ನು ಯಾವ ಹುಡುಗಿಯೂ ಹಾಕಿರಲಿಲ್ಲ. ನೆನಪಿನಿಂದ ಹೇಳಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಅದು ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ ಎನ್ನುತ್ತಿದ್ದರು. ಕೈ ನಡೆಯಬೇಕಾದರೆ ಕಣ್ಣು ಬೇಕು. ಟೇಪು ಅಳಿಸಿದ ಜೂನಿನಲ್ಲೇ ಮಸುಕಾಗಿದ್ದ ಟಿವಿಯ ಚುಕ್ಕೆಯೂ ಅಷ್ಟರಲ್ಲಿ ಅವರಿಗೆ ಪೂರ್ತಿ ಕಾಣದಾಗಿತ್ತು. ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು, ಸಂಗಪ್ಪನವರು ಗಿರಣಿಯನ್ನು ಬಸವನ ಬಾಗೇವಾಡಿಗೆ ಬದಲಿಸಿದರು. ಅವರ ತವರು ಮಸೂತಿ ಅಲ್ಲಿಗೆ ಹತ್ತಿರ.

ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಶಾಲೆಗೆ ಹೊಸ ಕಂಪ್ಯೂಟರುಗಳು ಬಂದವು, ಹಳೆಯದು ರದ್ದಿಯ ಪಟ್ಟಿಗೆ ಸೇರಿತು. ನಾನು ಹೆಡ್‌ಮಾಸ್ತರರನ್ನು ಕೇಳಿ ಮನೆಗೆ ತಂದಿಟ್ಟುಕೊಂಡೆ. ಒಂದು ದಿನ ಸಂಗಪ್ಪನವರ ಫೋನು ಬಂತು. ಇವಳು ಗುಬ್ಬಿ ಹಿಡಿದಿದ್ದಾಳೆ, ನಿನ್ನ ಮಷೀನು ತಗೊಂಡು ಬಾ ಅಂತಾಳೆ ಎಂದರು. ಕಂಪ್ಯೂಟರನ್ನೂ ಟೇಪ್ ರೆಕಾರ್ಡರನ್ನೂ ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಾಗೇವಾಡಿಯ ಬಸ್ಸು ಹತ್ತಿದೆ.

ಅವರು ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದರು. ಬಹಳ ಇಳಿದಿದ್ದರು. ತೊಡೆಯ ಮೇಲೆ ಗಿರಣಿಯ ಗೋಣಿಚೀಲದ ಒಂದು ತುಂಡು, ಕೈಯಲ್ಲಿ ದಬ್ಬಣ, ಉಲ್ಲನ್ ದಾರ. ಗೋಣಿಯ ಎಳೆ ದಪ್ಪ. ಕಣ್ಣಿಲ್ಲದವರ ಬೆರಳಿಗೂ ಸಂದು ಸಿಗುತ್ತದೆ. ತಿಂಗಳುಗಟ್ಟಲೆ ಹಾಕಿ, ಬಿಚ್ಚಿ, ಮತ್ತೆ ಹಾಕಿ, ಸಾಲಿನ ಮೇಲೆ ಸಾಲು ಎಡಗಡೆಯ ಗುಬ್ಬಿ ಮತ್ತು ಅರ್ಧ ತೆನೆಯನ್ನು ಅವರು ಹಿಡಿದಿದ್ದರು. ನಾನು ಮನೆಯ ಟಿವಿಗೆ ಯಂತ್ರ ಜೋಡಿಸಿದೆ. ಅವರು ಗೋಣಿಯ ಮೇಲೆ ಬೆರಳಾಡಿಸುತ್ತ ಹೇಳಿದರು. ಮೂರು ಚೌಕ, ಇಪ್ಪತ್ತನಾಲ್ಕು ಸಂಖ್ಯೆ. ಒಂದನ್ನೂ ಎರಡನೆಯ ಸಲ ಕೇಳಬೇಕಾಗಲಿಲ್ಲ. ಕ್ಯಾಸೆಟ್ಟಿಗೆ ಇಳಿಸುವಾಗ ಕಣ್ಣು ಮುಚ್ಚಿ ಕೇಳಿ, ಈಗ ಸಪ್ಪಳ ಬಂತು ಎಂದು ನಕ್ಕರು.

ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಅಯಸ್ಕಾಂತದ ವಿಷಯವನ್ನೆಲ್ಲ ಹೇಳಿಬಿಟ್ಟೆ. ನಾನು ಕೊಟ್ಟದ್ದರಿಂದಲೇ ಅಳಿಸಿಹೋಯಿತು, ಗೊತ್ತಾಗಿಯೂ ಮುಚ್ಚಿಟ್ಟೆ, ಕದ್ದು ಚೀಲಕ್ಕೆ ಹಾಕಿಕೊಂಡೆ ಎಂದೆ. ಅವರು ದಬ್ಬಣವನ್ನು ಗೋಣಿಗೆ ಚುಚ್ಚಿ, ಗಾಳಿಯಲ್ಲಿ ಕೈಯಾಡಿಸಿ ನನ್ನ ಕೈ ಹುಡುಕಿ ಹಿಡಿದರು.

"ಡಬ್ಬಿ ತಳಾ ತಡವಿದ ದಿನಾನ ಗೊತ್ತಾತು ನನಗ. ಸೂಜಿ ಎಲ್ಲಾ ಚೆಲ್ಲಾಡಿದ್ವು. ಇಷ್ಟ ವರ್ಷ ನಾನೂ ನೀನೂ ಕೂಡಿ ಹಾಕಿದ್ದಕ್ಕ ಒಂದು ಎಳಿ ಬಿಟ್ಟಿರಲಿ, ತಂಗಿ. ದೃಷ್ಟಿ ಆಗಬಾರದು."

ನಾನು ಅವರ ತೊಡೆಯ ಮೇಲೆ, ಆ ಗೋಣಿಯ ಮೇಲೆಯೇ ಮುಖವಿಟ್ಟು ಅತ್ತೆ. ಅವರು ಬೆನ್ನು ಸವರಿದರು.

ಹೊರಡುವಾಗ ನೆನಪಾಗಿ ಕೇಳಿದೆ, ಬಲಗಡೆಯ ಗುಬ್ಬಿಗೆ ಯಾವ ಎಳೆ ಬಿಡಬೇಕು ಎಂದು. ಅವರು ಗೋಣಿಯ ಖಾಲಿ ಬಲಗಡೆಯನ್ನು ತಡವಿ ಯೋಚಿಸಿದರು. "ಅದು ಬಾಯಿಲೆ ಹೇಳಾಕ ಬರಂಗಿಲ್ಲ. ಹಾಕ್ಕೋತ ಹೋದ್ರ ಕೈ ತಾನ ಅಲ್ಲಿ ನಿಂದರತೈತಿ. ಹಾಕಿಟ್ಟಿರತೇನಿ, ಮುಂದಿನ ಸಲ ಬಾ." ಸಂಗಪ್ಪನವರು ಬಸ್ ನಿಲ್ದಾಣದವರೆಗೂ ಬಂದು ಕೌದಿಯ ಗಂಟನ್ನು ನನ್ನ ತೊಡೆಗೆ ಇಟ್ಟು ಹೋದರು.

ಮುಂದಿನ ಸಲ ನಾನು ಹೋದದ್ದು ಅವರ ಮಣ್ಣಿಗೆ. ತಿಂಗಳೂ ತುಂಬಿರಲಿಲ್ಲ. ಎಲ್ಲ ಮುಗಿದ ಮೇಲೆ ಸಂಗಪ್ಪನವರು ಆ ಗೋಣಿಯ ತುಂಡನ್ನು ತಂದು ಕೊಟ್ಟರು. ದಬ್ಬಣ ಅದರಲ್ಲೇ ಇತ್ತು. ನಾನು ಅದನ್ನು ಮೊದಲು ತಿರುವಿ ಹಿಂಬದಿ ನೋಡಿದೆ. ಎಲ್ಲೂ ಗಂಟಿರಲಿಲ್ಲ. ಆಮೇಲೆ ಮುಂದೆ ನೋಡಿದೆ. ಬಲಗಡೆಯ ಗುಬ್ಬಿಯದು ಮೇಲಿನಿಂದ ನಾಲ್ಕು ಸಾಲು ಆಗಿದ್ದವು. ಅಲ್ಲೇ ಜಗಲಿಯ ಮೇಲೆ ಕುಳಿತು ಎಣಿಸಿದೆ. ನಾಲ್ಕೂ ಸಾಲು ಎಡಗಡೆಯ ಗುಬ್ಬಿಗೆ ಸರಿಯಾಗಿ ಹೊಂದುತ್ತಿದ್ದವು. ತಪ್ಪು ಇನ್ನೂ ಬಂದಿರಲಿಲ್ಲ.

ಆ ಯಂತ್ರ ಈಗ ಚಾಲೂ ಆಗುವುದಿಲ್ಲ. ಇಪ್ಪತ್ತನಾಲ್ಕು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನನ್ನ ಕೈ ಅವರ ಕೈಯಲ್ಲ, ಆದರೂ ವರ್ಷಕ್ಕೊಂದು ತುಂಡು ಹಾಕುತ್ತೇನೆ. ಎಡಗಡೆ ಒಂದು ಗುಬ್ಬಿ, ನಡುವೆ ತೆನೆ, ಬಲಗಡೆ ಇನ್ನೊಂದು ಗುಬ್ಬಿ. ಐದನೆಯ ಸಾಲಿನಿಂದ ಕೆಳಗೆ ಎಲ್ಲಾದರೂ ಒಂದು ಎಳೆ ಬಿಡುತ್ತೇನೆ, ಪ್ರತಿ ಸಲ ಬೇರೆ ಬೇರೆ ಕಡೆ. ಅವುಗಳಲ್ಲಿ ಯಾವುದೋ ಒಂದರಲ್ಲಿ ಸರಿಯಾದ ಎಳೆಯನ್ನೇ ಬಿಟ್ಟಿರುತ್ತೇನೆ. ಯಾವುದರಲ್ಲಿ ಎಂದು ಹೇಳಲು ಅವರಿಲ್ಲ.